ನಿಮ್ಮ ಕಡೆ

ಇರ್ವಿಂಗ್
೨೮ ಜನವರಿ ೨೦೨೫

ಪ್ರಿಯ ಶಾಹಿದಾ,

ನಾನು ಕಾಗದ ಬರೆಯುವ ಹೆಂಗಸಲ್ಲ ಎಂದು ನಿನಗೆ ಗೊತ್ತು. ಆದರೆ ಏನು ಮಾಡಲಿ, ಫೋನ್ ಮಾಡಿದರೆ ನೇರ ವಾಯ್ಸ್‌ಮೇಲಿಗೆ ಹೋಗುತ್ತದೆ, ವಾಟ್ಸಾಪಿನಲ್ಲಿ ಒಂದೇ ಟಿಕ್ಕು. ಇಂಚರಾ ನೋಡಿ, "ಅಮ್ಮಾ, ಆಂಟಿ ಬ್ಲಾಕ್ಡ್ ಯೂ" ಅಂದಳು. ಹೆತ್ತ ಮಗಳ ಬಾಯಿಂದ ಅದನ್ನು ಕೇಳಿಸಿಕೊಂಡೆ. ಈಗ ಲಾಸ್ ಕೊಲಿನಾಸಿನ ಆಫೀಸಿನಲ್ಲಿ ಊಟ ಬಿಟ್ಟು ಕೂತು ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಏನಾಯಿತು ನಿನಗೆ? ಹ್ಯೂಸ್ಟನ್ನಿನಲ್ಲಿ ಇಂದುಮತಿ ಮನೆಯ ಸಂಕ್ರಾಂತಿ ಊಟಕ್ಕೆ ಬಂದಾಗ ಚೆನ್ನಾಗಿಯೇ ಇದ್ದೆ. ಎಳ್ಳುಬೆಲ್ಲ ತಿಂದೆ, ನಗುನಗುತ್ತಾ ಮಾತಾಡಿದೆ. ಆಮೇಲೆ "ತಲೆನೋವು, ದೂರ ಡ್ರೈವ್ ಮಾಡಬೇಕು" ಎಂದು ಎದ್ದು ಹೋದವಳು ಮಾರನೆಯ ಬೆಳಿಗ್ಗೆ ಒಮಾನ್ ಪ್ರವಾಸದ ವಾಟ್ಸಾಪ್ ಗುಂಪಿನಿಂದಲೇ ಹೊರಗೆ. ಇಂದುಮತಿ ನನಗೆ ಫೋನ್ ಮಾಡಿ "ಏನ್ರೀ ನಿಮ್ಮ ಫ್ರೆಂಡು" ಎಂದು ಕೇಳಿದರೆ ನಾನು ಏನು ಹೇಳಬೇಕಿತ್ತು?

ನೀನು ತಂದ ಗೋಧಿ ಹುಗ್ಗಿ ಮುಚ್ಚಿದ ಹಾಗೆಯೇ ಉಳಿಯಿತು ಎಂದು ಬೇಜಾರೇ? ಎಲ್ಲರಿಗೂ ಹೊಟ್ಟೆ ತುಂಬಿತ್ತು ಕಣೇ. ಇಲ್ಲ, ಇಬ್ಬರೇ ಹೋಗಬೇಕೆಂದಿದ್ದ ಪ್ರವಾಸಕ್ಕೆ ನಾನು ಇಷ್ಟು ಜನರನ್ನು ಸೇರಿಸಿಕೊಂಡೆ ಎಂದೇ? ಇಬ್ಬರೇ ಹೆಂಗಸರು ಆ ಊರುಗಳಲ್ಲಿ ತಿರುಗುವುದು ಅಷ್ಟು ಸುಲಭವಲ್ಲ. ಇಂದುಮತಿಯ ಯಜಮಾನರು ಜಯತೀರ್ಥ ಎಲ್ಲವನ್ನೂ ಎಷ್ಟು ಅಚ್ಚುಕಟ್ಟಾಗಿ ಪ್ಲಾನ್ ಮಾಡಿದ್ದಾರೆ, ನೀನೇ ನೋಡಿದೆ. ಮಸ್ಕತ್ತಿನಲ್ಲಿ ಇಳಿದು ಮತ್ರಾದ ಹಳೆಯ ಬಜಾರು, ಅಲ್ಲಿಂದ ನಿಜ್ವಾದ ಕೋಟೆ, ಶುಕ್ರವಾರ ಬೆಳಿಗ್ಗೆ ಮೇಕೆ ಸಂತೆ, ಬೆಟ್ಟದ ಮೇಲೆ ಮಿಸ್ಫಾ ಎನ್ನುವ ಕಲ್ಲಿನ ಹಳ್ಳಿ, ವಾದಿ ಶಾಬ್ ಕಣಿವೆಯ ಹಸಿರು ನೀರು, ಕೊನೆಗೆ ವಿಮಾನದಲ್ಲಿ ಸಲಾಲಾ. ಅದು ನಮ್ಮ ಆಸ್ಟಿನ್ ಮನೆಯ ಕ್ಯಾಲೆಂಡರೇ ಅಲ್ಲವೇ?

ರಿವರ್‌ಸೈಡಿನ ಆ ಅಪಾರ್ಟ್‌ಮೆಂಟಿಗೆ ನಾವಿಬ್ಬರೂ ಓದಲೆಂದು ಬಂದಾಗ ಗೋಡೆಯ ಮೇಲಿದ್ದದ್ದು ಅದೊಂದೇ. ಹಿಂದಿನವರು ಬಿಟ್ಟುಹೋದ, ವರ್ಷ ಮುಗಿದ, ಒಮಾನಿನ ಚಿತ್ರಗಳ ಕ್ಯಾಲೆಂಡರು. ತಿಂಗಳು ಬದಲಾದಾಗೆಲ್ಲ ನೀನು ಹಾಳೆ ತಿರುವುತ್ತಿದ್ದೆ, ತಾರೀಖು ತಪ್ಪಾಗಿದ್ದರೂ. ಕೆಲಸ ಸಿಕ್ಕಮೇಲೆ ಹೋಗೋಣ, ಮದುವೆಯಾದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ ಎಂದು ಎಷ್ಟು ಸಲ ಮುಂದೆ ಹಾಕಿದೆವು. ಈಗ ಟಿಕೆಟ್ ತೆಗೆಯುವ ಹೊತ್ತಿಗೆ ನೀನು ಹೀಗೆ ಮಾಡಿದರೆ ಹೇಗೆ?

ನೀನು ಬಂದರೆ ನಮಗೆಲ್ಲ ಧೈರ್ಯ. ಅರೇಬಿಕ್ ಒಂದು ನೀನು ನೋಡಿಕೊಂಡರೆ ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ. ತಕ್ಷಣ ಫೋನ್ ಮಾಡು.

ನಿನ್ನ
ವೇಣಿ


ರೌಂಡ್ ರಾಕ್
೧೬ ಫೆಬ್ರುವರಿ ೨೦೨೫

ವೇಣಿ,

ಕಾಗದ ಬಂತು. ಒತ್ತಕ್ಷರಗಳೆಲ್ಲ ಸರಿಯಾಗಿಯೇ ಇವೆ.

ಹುಗ್ಗಿಯ ಬಗ್ಗೆ ಬೇಜಾರಿಲ್ಲ. ಮನೆಗೆ ತಂದು ನಾವೇ ತಿಂದು ಮುಗಿಸಿದೆವು. ಗೋಧಿ ಹುಗ್ಗಿಯಲ್ಲಿ ಗೋಧಿ, ಬೆಲ್ಲ, ಗಸಗಸೆ ಬಿಟ್ಟರೆ ಏನೂ ಇರುವುದಿಲ್ಲ ಎಂದು ಅಲ್ಲಿದ್ದವರಿಗೆ ನೀನು ಹೇಳಬಹುದಿತ್ತು. ಅದು ಬೇರೆ ಮಾತು.

ನಿಜವಾದ ಕಾರಣ ನಿನಗೆ ತಿಳಿದೇ ಇಲ್ಲ ಎನ್ನುವುದು ನನಗೆ ಹೆಚ್ಚು ಕಷ್ಟ. ಹೇಳುತ್ತೇನೆ, ಕೇಳು.

ಊಟದ ತಟ್ಟೆ ಹಿಡಿದು ಎಲ್ಲರೂ ಟೀವಿಯ ಮುಂದೆ ಕೂತಿದ್ದೆವು. ಜಯತೀರ್ಥ ಅವರು ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ನಿಜ್ವಾ ಕೋಟೆಯ ದುಂಡನೆಯ ಬುರುಜು ಬಂತು, ಸುತ್ತ ಖರ್ಜೂರದ ತೋಟ. ಅದು ನಮ್ಮ ಕ್ಯಾಲೆಂಡರಿನ ಮಾರ್ಚ್ ತಿಂಗಳು. ನನಗೆ ಎಷ್ಟು ಸಂತೋಷವಾಯಿತೆಂದರೆ ತಟ್ಟೆ ಕೆಳಗಿಟ್ಟು ನಿನ್ನ ಕಡೆ ತಿರುಗಿದೆ. ನೀನೂ ಆಗಲೇ ನನ್ನ ಕಡೆ ತಿರುಗಿದ್ದೆ. ಇಬ್ಬರ ಬಾಯಲ್ಲೂ ಒಂದೇ ಮಾತು ಬರುತ್ತದೆ ಎಂದುಕೊಂಡೆ. ನೀನು ಹೇಳಿದ್ದು, "ನೋಡೇ ಶಾಹಿದಾ, ನಿಮ್ಮ ಕಡೆ ಎಷ್ಟು ಚೆನ್ನಾಗಿದೆ."

ಇಂದುಮತಿಯವರು, "ಹೌದಲ್ವಾ, ಇವರಿದ್ರೆ ನಮಗೆ ಗೈಡೇ ಬೇಡ" ಎಂದರು.

"ನಾ ಒಮ್ಮೆನೂ ಹೋಗಿಲ್ರಿ. ನನಗ ಅರಬ್ಬಿ ಬರೂದಿಲ್ರಿ" ಎಂದೆ.

"ಅಯ್ಯೋ, ಅಷ್ಟಿಷ್ಟು ಬಂದೇ ಬರುತ್ತೆ ಬಿಡಿ" ಎಂದರು. ನೀನು ನಕ್ಕೆ.

ಚಿಕ್ಕವಳಿದ್ದಾಗ ಮೌಲ್ವಿಯವರು ಕಲಿಸಿದ ನಾಲ್ಕು ಸಾಲು ಪ್ರಾರ್ಥನೆ ನನಗೆ ಬಾಯಿಪಾಠ. ನಿನಗೆ ಮಂತ್ರಪುಷ್ಪ ಬಾಯಿಪಾಠ. ಅದರಿಂದ ನಿನಗೆ ಸಂಸ್ಕೃತದಲ್ಲಿ ಟ್ಯಾಕ್ಸಿ ಕರೆಯಲು ಬರುತ್ತದೆಯೇ?

ಆ ಮಾತು ನೆನಪಿದೆಯೇ, "ನಿಮ್ಮ ಕಡೆ"? ಆಸ್ಟಿನ್ನಿಗೆ ಬಂದ ದಿನ ನೀನು ನನ್ನನ್ನು ಮೊದಲು ಕೇಳಿದ್ದೇ, "ಯಾವ ಕಡೆಯವರು?" ಎಂದು. ಧಾರವಾಡ ಎಂದೆ. ಅಂದಿನಿಂದ ನಿನ್ನ ಬಾಯಲ್ಲಿ ನಿಮ್ಮ ಕಡೆ ಎಂದರೆ ಧಾರವಾಡ. ನಿಮ್ಮ ಕಡೆ ರೊಟ್ಟಿ, ನಿಮ್ಮ ಕಡೆ ಖಾರ, ನಿಮ್ಮ ಕಡೆಯವರು ಮಾತಾಡಿದರೆ ಜಗಳ ಆಡಿದ ಹಾಗೆ ಎಂದು ನೀನು ರೇಗಿಸುತ್ತಿದ್ದೆ. ನಿಮ್ಮ ಕಡೆಯವರು ಸಾರಿಗೂ ಬೆಲ್ಲ ಹಾಕುತ್ತೀರಿ ಎಂದು ನಾನು ತಿರುಗಿ ಅನ್ನುತ್ತಿದ್ದೆ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ನನ್ನ ಹೆಸರು ಓದಿ, ಯಾವ ಅರಬ್ ದೇಶ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ, "ಇವಳು ಧಾರವಾಡದವಳು, ಪೇಡದ ಊರು" ಎಂದು ಅವನಿಗೆ ದಬಾಯಿಸಿದವಳು ನೀನು. ಅವನಿಗೆ ಪೇಡ ಎಂದರೆ ಏನು ಎಂದೇ ಗೊತ್ತಿರಲಿಲ್ಲ.

ಈಗ ಅದೇ ಮಾತು, ಅದೇ ಬಾಯಿ. ನನ್ನ ಊರು ಮಾತ್ರ ಬದಲಾಗಿದೆ. ಯಾವಾಗ ಬದಲಾಯಿತು ವೇಣಿ? ನನಗೆ ಯಾರೂ ತಿಳಿಸಲಿಲ್ಲ.

ಮತ್ತೊಂದು. ನಾನು ಗುಂಪು ಬಿಡುವ ಮೊದಲು ರೂಮುಗಳ ಪಟ್ಟಿ ಹಾಕಿದ್ದರು. ನೀನು ಇಂದುಮತಿಯವರ ಜೊತೆ. ನಾನು ಒಬ್ಬಳೇ. ಅದಕ್ಕೂ ಕಾರಣ ಇರಬೇಕು.

ಶಾಹಿದಾ


ಇರ್ವಿಂಗ್
೯ ಮಾರ್ಚ್ ೨೦೨೫

ಶಾಹಿದಾ,

ನಿನ್ನ ಕಾಗದ ಓದಿ ನನಗೆ ನಿಜವಾಗಿ ಅಳು ಬಂತು. ಆಮೇಲೆ ಸಿಟ್ಟು ಬಂತು. ಒಂದು ಮಾತು. ಇಷ್ಟು ವರ್ಷದ ಸ್ನೇಹದಲ್ಲಿ ಒಂದೇ ಒಂದು ಮಾತು ಬಾಯಿತಪ್ಪಿ ಬಂದದ್ದಕ್ಕೆ ನನ್ನನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸಿದ್ದೀಯ.

ಅದೂ ಬೈದ ಮಾತಲ್ಲ, ಹೊಗಳಿದ್ದು. ನಿಮ್ಮ ಧರ್ಮದ ದೇಶ ಚೆನ್ನಾಗಿದೆ ಎಂದರೆ ಅದರಲ್ಲಿ ತಪ್ಪೇನು? ನಾಳೆ ಯಾರಾದರೂ ನೇಪಾಳದ ಚಿತ್ರ ತೋರಿಸಿ, "ವೇಣಿ, ನಿಮ್ಮ ಕಡೆ ಎಷ್ಟು ಚೆನ್ನಾಗಿದೆ" ಎಂದರೆ ನಾನು ಖುಷಿಪಡುತ್ತೇನೆ, ಗುಂಪು ಬಿಟ್ಟು ಹೋಗುವುದಿಲ್ಲ. ನಿನಗೆ ಮೊದಲು ಇಷ್ಟು ಬೇಗ ಚುಚ್ಚುತ್ತಿರಲಿಲ್ಲ. ಈಚೆಗೆ ನಿಮ್ಮವರೆಲ್ಲ ಹೀಗಾಗಿದ್ದೀರಿ, ಏನು ಹೇಳಿದರೂ ಅದರಲ್ಲಿ ಇನ್ನೊಂದು ಅರ್ಥ ಹುಡುಕುತ್ತೀರಿ. ಮಾತಾಡುವುದಕ್ಕೇ ಭಯವಾಗುತ್ತದೆ.

ರೂಮಿನ ವಿಷಯ ಕೇಳಿದ್ದೀಯ. ನಿನ್ನ ಅನುಕೂಲಕ್ಕೆಂದೇ ಮಾಡಿದ್ದು. ಬೆಳಗಿನ ಜಾವ ನೀನು ನಮಾಜಿಗೆ ಏಳುತ್ತೀಯ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾದೀತು ಎಂದು ನಿನಗೇ ಸಂಕೋಚವಾಗುತ್ತದೆ, ಒಬ್ಬಳೇ ಇದ್ದರೆ ನಿರಾಳ ಎಂದು ಇಂದುಮತಿ ಅಂದರು. ನನಗೂ ಹೌದೆನ್ನಿಸಿತು. ಅವರು ಎಷ್ಟು ಯೋಚನೆ ಮಾಡುತ್ತಾರೆ ನೋಡು. ಅದನ್ನೂ ನೀನು ತಪ್ಪು ತಿಳಿದುಕೊಂಡೆ.

ನಿನ್ನ ಮಗ ಹುಟ್ಟಿದಾಗ ಡಲ್ಲಾಸಿನಿಂದ ಬಂದು ಬಾಣಂತನ ಮಾಡಿದವಳು ನಾನು. ಆಗ ನಾನು ಯಾವ ಕಡೆಯವಳಾಗಿದ್ದೆ? ಹೇಳಿ ತೋರಿಸಬಾರದು, ಆದರೆ ನೀನೇ ಹೇಳಿಸಿದೆ.

ನಿನ್ನ ಹೆಸರಿನ ಜಾಗ ಈ ತಿಂಗಳ ಕೊನೆಯವರೆಗೆ ಹಾಗೇ ಇಡಲು ಜಯತೀರ್ಥ ಒಪ್ಪಿದ್ದಾರೆ. ಆಮೇಲೆ ನನ್ನ ಕೈಯಲ್ಲಿಲ್ಲ.

ಕೃಷ್ಣವೇಣಿ


ರೌಂಡ್ ರಾಕ್
೬ ಏಪ್ರಿಲ್ ೨೦೨೫

ವೇಣಿ,

ತಿಂಗಳ ಕೊನೆ ಕಳೆಯಿತು. ಅದರ ಜೊತೆಗೇ ನಮ್ಮ ರಂಜಾನ್ ಹಬ್ಬವೂ ಕಳೆಯಿತು. ಪ್ರತಿ ವರ್ಷ ನೀನು ಬರುತ್ತೀಯೆಂದು ಶಾವಿಗೆಯ ಸುರಕುಂಬಾಕ್ಕೆ ನಿನಗೆ ಇಷ್ಟವಿಲ್ಲದ ಖರ್ಜೂರ ಹಾಕದೆ ಒಂದು ಪಾತ್ರೆ ಬೇರೆ ತೆಗೆದಿಡುತ್ತಿದ್ದೆ. ಈ ಸಲವೂ ಕೈ ತಾನಾಗಿ ತೆಗೆದಿಟ್ಟಿತು. ಸಂಜೆ ಮಗ ತಿಂದ.

ಬಾಣಂತನ ನೆನಪಿದೆ. ಮೆಂತ್ಯದ ಹಿಟ್ಟು ಸೀದುಹೋಗಿ ಇಬ್ಬರೂ ನಕ್ಕದ್ದೂ ನೆನಪಿದೆ. ಆಗ ನೀನು ಯಾವ ಕಡೆಯವಳು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಈಗ ನೀನೇ ಕೇಳುತ್ತಿದ್ದೀಯ.

ನೇಪಾಳದ ಮಾತು ಹೇಳಿದೆ. ವೇಣಿ, ನೇಪಾಳಕ್ಕೆ ಹೊರಟುಹೋಗು ಎಂದು ನಿನಗೆ ಈವರೆಗೆ ಯಾರೂ ಹೇಳಿಲ್ಲ. ನನಗೆ ಒಂದಲ್ಲ ಒಂದು ದೇಶದ ಹೆಸರು ಹೇಳಿ ಹೋಗು ಎಂದವರಿದ್ದಾರೆ, ಊರಿನಲ್ಲೂ, ಇಲ್ಲೂ. ಅವರ ಮಾತನ್ನು ನಾನು ಕೊಡವಿಕೊಂಡು ಬಂದಿದ್ದೇನೆ, ಯಾಕೆಂದರೆ ಅವರಾರೂ ನನ್ನ ಜೊತೆ ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರಲ್ಲ.

ನಮಾಜಿನ ಮಾತಿಗೆ ಮಾತ್ರ ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಬೆಳಗಿನ ಜಾವ ನಾನು ಎದ್ದದ್ದನ್ನು ನೀನು ಎಂದು ನೋಡಿದ್ದೆ? ಎಂಟೂವರೆಯ ಕ್ಲಾಸಿಗೆ ನನ್ನ ಹೊದಿಕೆ ಎಳೆದು, ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸುತ್ತಿದ್ದವಳು ನೀನೇ. ಹೊತ್ತಿಗೆ ಸರಿಯಾಗಿ ಎದ್ದು ದೀಪ ಹಚ್ಚಿ ನನ್ನ ನಿದ್ದೆ ಕೆಡಿಸುತ್ತಿದ್ದವಳೂ ನೀನೇ. ನಾನು ಸೋಮಾರಿ ಎಂದು ಇಂದುಮತಿಯವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಿನಗೂ ಹೌದೆನ್ನಿಸಿತು. ನಿನಗೆ ಗೊತ್ತಿದ್ದ ಶಾಹಿದಾಳನ್ನು ಬಿಟ್ಟು, ಅವರು ಊಹಿಸಿಕೊಂಡ ಶಾಹಿದಾಳಿಗೆ ನೀನು ರೂಮು ಕೊಡಿಸಿದೆ.

ನಾನು ಬರುವುದಿಲ್ಲ. ನೀವು ಹೋಗಿ ಬನ್ನಿ. ಕ್ಯಾಲೆಂಡರು ನನ್ನ ಹತ್ತಿರವೇ ಇತ್ತು. ಹಾಳೆಗಳನ್ನು ಬಿಡಿಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಿಜ್ವಾ, ಮಿಸ್ಫಾದ ಕಾಲುವೆ, ಬಹ್ಲಾದ ಮಣ್ಣಿನ ಗೋಡೆ, ನಿನಗೆ ಇಷ್ಟವಾಗಿದ್ದ ವಾದಿ ಶಾಬ್, ಎಲ್ಲ ನಿನ್ನವು. ಆಗಸ್ಟ್ ತಿಂಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಮಂಜಿನಲ್ಲಿ ನಿಂತ ಒಂಟೆಗಳ ಸಲಾಲಾ. ಮರಳುಗಾಡಿನ ದೇಶದಲ್ಲಿ ಮಳೆಗಾಲ ಬಂದು ಗುಡ್ಡವೆಲ್ಲ ಹಸಿರಾಗುತ್ತದೆ ಎಂದರೆ ನಾನು ನಂಬುತ್ತಿರಲಿಲ್ಲ, ನಿನಗೂ ನೆನಪಿರಬೇಕು.

ನಿನ್ನಲ್ಲಿ ಒಂದೇ ಕೇಳಿಕೆ. ಸಲಾಲಾಗೆ ಹೋಗಬೇಡ. ಉಳಿದ ಇಡೀ ದೇಶ ನೋಡಿಕೊಂಡು ಬಾ, ಅದೊಂದನ್ನು ನನಗೆ ಬಿಡು. ಮುಂದೆ ಎಂದಾದರೂ ನಾನು ಒಬ್ಬಳೇ ಹೋಗಿ ಆ ಮಳೆ ನೋಡುತ್ತೇನೆ. ಎಲ್ಲರ ಹಾಗೆ ಟೋಪಿ ಹಾಕಿಕೊಂಡು, ದಾರಿ ಕೇಳಿಕೊಂಡು, ಏನೂ ತಿಳಿಯದ ಪ್ರವಾಸಿಯಾಗಿ. ನನಗೆ ಬೇಕಾಗಿದ್ದದ್ದು ಅಷ್ಟೇ.

ಶಾಹಿದಾ


ಇರ್ವಿಂಗ್
೨೪ ಆಗಸ್ಟ್ ೨೦೨೫

ಪ್ರಿಯ ಶಾಹಿದಾ,

ಏಪ್ರಿಲ್ಲಿನಿಂದ ನಿನಗೆ ಬರೆಯಲಿಲ್ಲ. ಬರೆದರೆ ಮತ್ತೆ ಜಗಳವೇ ಆಗುತ್ತದೆ ಎಂದು ಸುಮ್ಮನಿದ್ದೆ. ಈಗ ಸಿಟ್ಟೆಲ್ಲ ಇಳಿದಿದೆ. ನಿನ್ನದೂ ಇಳಿದಿರಬಹುದು ಎಂದುಕೊಂಡು ಬರೆಯುತ್ತಿದ್ದೇನೆ.

ಹೋಗಿ ಬಂದೆವು. ಎಲ್ಲಿಂದ ಶುರು ಮಾಡಲಿ? ನಿಜ್ವಾದ ಬಿಸಿಲಿನ ಮುಂದೆ ನಮ್ಮ ಟೆಕ್ಸಾಸಿನದು ಏನೂ ಅಲ್ಲ. ಕೋಟೆಯ ಬುರುಜು ಹತ್ತಿ ಮೇಲೆ ನಿಂತರೆ ಸುತ್ತ ಖರ್ಜೂರದ ತೋಟ, ಆಚೆಗೆ ಬೋಳು ಬೆಟ್ಟ, ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ. ಒಳಗೆ ಇಕ್ಕಟ್ಟಿನ ಮೆಟ್ಟಿಲು. ಶತ್ರುಗಳು ಬಂದರೆ ಮೇಲಿನಿಂದ ಕುದಿಯುವ ಖರ್ಜೂರದ ರಸ ಸುರಿಯುತ್ತಿದ್ದರಂತೆ, ಅದಕ್ಕೆಂದೇ ಕಿಂಡಿಗಳಿವೆ. ಮೇಕೆ ಸಂತೆಯಲ್ಲಿ ಮಾರುವವರು ಮೇಕೆ ಹಿಡಿದು ಸುತ್ತು ಹಾಕುತ್ತಾರೆ, ಕೊಳ್ಳುವವರು ಸುತ್ತ ಕೂತಿರುತ್ತಾರೆ. ಮಿಸ್ಫಾದಲ್ಲಿ ಮನೆಗಳ ಪಕ್ಕದಲ್ಲೇ ಸಣ್ಣ ಕಾಲುವೆ ಹರಿಯುತ್ತದೆ, ಸರದಿಯ ಪ್ರಕಾರ ಒಂದೊಂದು ತೋಟಕ್ಕೆ ನೀರು. ವಾದಿ ಶಾಬಿನಲ್ಲಿ ನಾನು ಮೊಣಕಾಲುದ್ದ ಇಳಿದು ನಿಂತೆ, ಇಂಚರಾ ಈಜಿಕೊಂಡು ಬಂಡೆಯ ಸಂದಿನೊಳಗಿನ ಜಲಪಾತದವರೆಗೂ ಹೋಗಿ ಬಂದಳು. ನೀನಿದ್ದಿದ್ದರೆ ನೀನೂ ಹೋಗುತ್ತಿದ್ದೆ.

ಅರೇಬಿಕ್ ಎಲ್ಲೂ ಬೇಕಾಗಲಿಲ್ಲ. ಮತ್ರಾ ಬಜಾರಿನಲ್ಲಿ ಎಲ್ಲರಿಗೂ ಹಿಂದಿ ಬರುತ್ತದೆ.

ಸಲಾಲಾಗೆ ಹೋದೆವು. ಬೇಜಾರು ಮಾಡಿಕೊಳ್ಳಬೇಡ. ವಿಮಾನ, ಹೋಟೆಲು ಎಲ್ಲ ಮೊದಲೇ ಬುಕ್ ಆಗಿತ್ತು. ನಾನೊಬ್ಬಳು ಮಸ್ಕತ್ತಿನಲ್ಲಿ ಉಳಿಯುತ್ತೇನೆ ಎಂದರೆ ನೂರು ಪ್ರಶ್ನೆ. ನೀನು ಕೇಳಿದ್ದನ್ನು ಅವರಿಗೆ ಹೇಗೆ ವಿವರಿಸಲಿ? ಬೆಟ್ಟ ಯಾರಪ್ಪನ ಮನೆಯ ಆಸ್ತಿಯೂ ಅಲ್ಲ, ನಾನು ನೋಡಿದರೆ ನಿನಗೆ ಕಡಿಮೆಯಾಗುವುದಿಲ್ಲ.

ಆದರೆ ಶಾಹಿದಾ, ಆ ಮಳೆ. ಮಳೆ ಎನ್ನುವುದಕ್ಕಿಂತ ಜಡಿ, ಸಣ್ಣಗೆ, ನಿಲ್ಲದೆ. ಗುಡ್ಡಗಳೆಲ್ಲ ಹಸಿರು, ಮಂಜಿನೊಳಗೆ ಹಸುಗಳೂ ಒಂಟೆಗಳೂ ಒಟ್ಟಿಗೆ ಮೇಯುತ್ತವೆ. ರಸ್ತೆಯ ಪಕ್ಕ ಎಳನೀರು, ಬಾಳೆಹಣ್ಣು, ಪಪ್ಪಾಯಿ ಮಾರುವ ಅಂಗಡಿಗಳ ಸಾಲು. ಎಲ್ಲರೂ ಕಾರಿಳಿದು ನೆನೆಯುತ್ತಾ ಎಳನೀರು ಕುಡಿದೆವು. ಇಂದುಮತಿ, "ಅಯ್ಯೋ, ಇದು ನಮ್ಮ ಕಡೆ ಥರಾನೇ ಇದೆಯಲ್ಲ" ಎಂದರು. ನಾನೂ, "ಥರಾನೇ ಏನು, ಇದು ನಮ್ಮ ಕಡೇನೇ" ಎಂದೆ. ಆಗ ಇಂಚರಾ ಏನಂದಳು ಗೊತ್ತೇ? "ಬಟ್ ಅಮ್ಮಾ, ಯೂ ಸೆಡ್ ಇದು ಶಾಹಿದಾ ಆಂಟಿ ಕಡೆ." ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವಳೊಬ್ಬಳು ನಗಲಿಲ್ಲ. ಈಚೆಗೆ ಅವಳಿಗೆ ಯಾವುದಕ್ಕೂ ನಗು ಬರುವುದಿಲ್ಲ, ಆ ವಯಸ್ಸೇ ಹಾಗೆ.

ನಿನಗೆಂದು ಸಲಾಲಾದಿಂದ ಲೋಬಾನ ತಂದಿದ್ದೇನೆ, ಇದರ ಜೊತೆ ಪಾರ್ಸೆಲ್ ಕಳಿಸಿದ್ದೇನೆ. ಅಲ್ಲಿ ಅದರ ಮರಗಳನ್ನೇ ತೋರಿಸಿದರು. ತೊಗಟೆ ಕೆತ್ತಿದರೆ ಹಾಲಿನ ಹಾಗೆ ಅಂಟು ಬರುತ್ತದೆ. ಗುರುವಾರ ಸಂಜೆ ನಿಮ್ಮ ಮನೆಯಲ್ಲಿ ಕೆಂಡಕ್ಕೆ ಹಾಕುತ್ತಿದ್ದರು ಎಂದು ನೀನು ಹೇಳುತ್ತಿದ್ದೆಯಲ್ಲ, ಅದರ ಅಸಲಿ ಊರು ಇದೇ. ವಾಸನೆ ನೋಡಿದರೆ ನಿನಗೆ ಮನೆಗೆ ಹೋದ ಹಾಗಾಗುತ್ತದೆ.

ನವರಾತ್ರಿಗೆ ಬೊಂಬೆ ಕೂರಿಸುತ್ತೇನೆ. ಬಾರೇ. ಆದದ್ದು ಆಯಿತು.

ಎಂದಿನ
ವೇಣಿ


ರೌಂಡ್ ರಾಕ್
೧೪ ಸೆಪ್ಟೆಂಬರ್ ೨೦೨೫

ಕೃಷ್ಣವೇಣಿಯವರಿಗೆ,

ಪಾರ್ಸೆಲ್ ತಲುಪಿತು. ಲೋಬಾನವನ್ನು ಕೆಂಡಕ್ಕೆ ಹಾಕಿ ನೋಡಿದೆ. ನಿಂಬೆಹಣ್ಣಿನ ಹಾಗೆ ತಿಳಿಯಾದ ಪರಿಮಳ, ಬಹಳ ಒಳ್ಳೆಯದು, ದುಬಾರಿಯೂ ಇರಬೇಕು. ನಮ್ಮ ಮನೆಯಲ್ಲಿ ಅಮ್ಮ ಹಾಕುತ್ತಿದ್ದದ್ದು ಲೈನ್ ಬಜಾರಿನಲ್ಲಿ ಪೊಟ್ಟಣದಲ್ಲಿ ಸಿಗುತ್ತಿದ್ದ ಕರಿ ಬಣ್ಣದ್ದು. ಅದರ ಹೊಗೆಗೆ ಕಣ್ಣು ಉರಿಯುತ್ತಿತ್ತು, ಪಕ್ಕದ ಮನೆಯ ಗುರವ್ವ ಬಂದು, "ಏನವಾ, ಮನಿಗೆ ಬೆಂಕಿ ಹಚ್ಚೀಯೇನು" ಎಂದು ಬೈದು, ಕೂತು, ಚಹಾ ಕುಡಿದು ಹೋಗುತ್ತಿದ್ದಳು. ನೀವು ಕಳಿಸಿದ್ದರಲ್ಲಿ ಆ ವಾಸನೆ ಇಲ್ಲ. ನನಗೆ ಯಾವ ಮನೆಗೂ ಹೋದ ಹಾಗಾಗಲಿಲ್ಲ. ಉಳಿದದ್ದನ್ನು ವಾಪಸ್ ಕಳಿಸುತ್ತಿದ್ದೇನೆ.

ನೀವು ಬರೆದ ಸಲಾಲಾವನ್ನು ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀರಿ. ನನಗೆ ಅರ್ಥವಾಗದೇ ಹೋದದ್ದು ಒಂದೇ. ಅರಬ್ಬರ ಗುಡ್ಡದ ಮೇಲೆ ಒಂದು ಜಡಿ ಬಿದ್ದರೆ ಸಾಕು, ಒಂದು ಎಳನೀರು ಕುಡಿದರೆ ಸಾಕು, ಅದು ನಿಮ್ಮ ಕಡೆಯದಾಗುತ್ತದೆ. ಅಲ್ಲಿ ನಿಂತು ನಮ್ಮ ಕಡೆ ಎನ್ನಲು ನಿಮ್ಮನ್ನು ಯಾರೂ ಏನೂ ಕೇಳಲಿಲ್ಲ. ನಾನು ಧಾರವಾಡದಲ್ಲಿ ಹುಟ್ಟಿ, ನಿಮ್ಮ ಜೊತೆ ಕನ್ನಡದಲ್ಲೇ ಅತ್ತು, ಕನ್ನಡದಲ್ಲೇ ಜಗಳವಾಡಿ, ಇವತ್ತಿಗೂ ಕನ್ನಡದಲ್ಲೇ ಈ ಕಾಗದ ಬರೆಯುತ್ತಿದ್ದೇನೆ. ನನಗೆ ಅಷ್ಟು ಸುಲಭವಾಗಿ ಆ ಮಾತು ದಕ್ಕಲಿಲ್ಲ.

ಇಂಚರಾಗೆ ನನ್ನ ಪ್ರೀತಿ ತಿಳಿಸಿ. ಅವಳು ನಗಲಿಲ್ಲ ಎಂದು ನೀವು ಬರೆದಿರಿ. ಆ ಒಂದು ಸಾಲಿಗಾಗಿಯೇ ನಿಮ್ಮ ಕಾಗದವನ್ನು ಹರಿದಿಲ್ಲ.

ಒಮಾನ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಲ್ಲಿಗೆ ನಾನು ಇನ್ನು ಹೋಗಲಾರೆ. ನಾಳೆ ನಾನು ಆ ಮಳೆಯಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡರೆ, ಅದನ್ನು ನೋಡಿದ ನಿಮ್ಮ ಹ್ಯೂಸ್ಟನ್ನಿನವರು "ಊರಿಗೆ ಹೋಗಿದ್ರಾ" ಎಂದು ಕೇಳುತ್ತಾರೆ. ಅದು ನಾವಿಬ್ಬರೂ ನೋಡಬೇಕೆಂದುಕೊಂಡಿದ್ದ ದೇಶವಾಗಿತ್ತು. ನೀವು ಅದನ್ನು ನನ್ನ ತವರು ಮಾಡಿಬಿಟ್ಟಿರಿ. ತವರನ್ನು ಯಾರೂ ಪ್ರವಾಸಿಯಾಗಿ ನೋಡುವುದಿಲ್ಲ.

ಆಗಸ್ಟ್ ಹಾಳೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ಹೋಗಿ ನೋಡಿ ಬಂದವರು ನೀವು, ಅದು ನಿಮ್ಮಲ್ಲೇ ಇರಲಿ.

ನವರಾತ್ರಿಗೆ ಬರಲಾಗುವುದಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೇನೆ. ಯಾವ ಊರು ಎಂದು ಯಾರಾದರೂ ಕೇಳಿದರೆ, ನಿಮಗೆ ನೆನಪಿದ್ದರೆ, ಹೇಳಿ.

ಇತಿ,
ಶಾಹಿದಾ ನದಾಫ
ಧಾರವಾಡದ ಕಡೆಯವಳು